ಒಂದೇ ಕಾಲುವೆ, ಎರಡು ಹೊಲ: ತಲೆಯೊಳಗಿನ ಬಂಡವಾಳದ ಲೆಕ್ಕ

ಬಸ್ಸಿನಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರು, ಅಂಗಡಿ ಗಲ್ಲಾ ಮೇಲೆ ಫೋನ್ ಇಟ್ಕೊಂಡು ಕೇಳ್ತಿರೋರು, ಕೇಳೋದಕ್ಕಿಂತ ಓದೋದೇ ಸಲೀಸು ಅಂತ ಈ ಪುಟಕ್ಕೆ ಬಂದಿರೋರು, ಎಲ್ಲರಿಗೂ ಸುರಪುರದಿಂದ ಶರಣು.

ನನಗೆ ಬರೋ ವಾಯ್ಸ್ ಮೆಸೇಜ್‌ಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರ್ತದೆ. "ಅಣ್ಣಾ, ಓದಿ ಏನ್ ಮಾಡೋದದ? ಡಿಗ್ರಿ ಮಾಡಿದವ್ರೂ ಬೆಂಗಳೂರಿಗೆ ಹೋಗಿ ಡೆಲಿವರಿ ಮಾಡ್ತಾರ, ಎಸ್ಸೆಸ್ಸೆಲ್ಸಿ ಫೇಲಾದವ್ರೂ ಅದನ್ನೇ ಮಾಡ್ತಾರ." ಇದನ್ನ ಬೋಧನೆ ಮಾಡಿ ತಳ್ಳಿಹಾಕೋ ಹಂಗಿಲ್ಲ. ಲೆಕ್ಕ ಹಾಕಿ ಉತ್ತರ ಕೊಡಬೇಕಾದ ಪ್ರಶ್ನೆ ಇದು. ಅದಕ್ಕೇ ಈ ಸಂಚಿಕೆ: ಒಂದು ಊರು, ಒಂದು ಜಿಲ್ಲೆ, ಒಂದು ದೇಶ ಮುಂದೆ ಬರೋದರಲ್ಲಿ ಕಲಿಕೆಯ ಪಾಲು ಎಷ್ಟು? ಮತ್ತೆ ನಮ್ಮ ಯಾದಗಿರಿ ಜಿಲ್ಲೆಯ ಲೆಕ್ಕ ಎಲ್ಲಿ ತಪ್ಪಿದೆ?

ನೀರು ಬಂದ ಮೇಲೆ ಏನಾಯ್ತು

ನಮ್ಮ ಕಡೆ ಯಾರನ್ನಾದರೂ ಕೇಳ್ರಿ, ಊರು ಉದ್ಧಾರ ಆಗಬೇಕಂದ್ರೆ ಏನು ಬೇಕು ಅಂತ. ಮೊದಲನೇ ಉತ್ತರ "ನೀರು". ಎರಡನೇದು "ರೊಕ್ಕ". ಸರಿ, ಹಾಗಾದ್ರೆ ನೀರಿನಿಂದಲೇ ಶುರು ಮಾಡೋಣ.

ಕೃಷ್ಣಾ ನದಿಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ ಜಲಾಶಯ 1980ರ ದಶಕದ ಆರಂಭದಲ್ಲಿ ಮುಗೀತು. ಎಡದಂಡೆ ಕಾಲುವೆ ಸುರಪುರ, ಶಹಾಪುರದ ಎರೆಭೂಮಿಗೆ ನೀರು ತಂತು. ಅಲ್ಲಿವರೆಗೂ ನಮ್ಮ ಹಿರಿಯರಿಗೆ ಗೊತ್ತಿದ್ದದ್ದು ಮಳೆ ನೋಡಿ ಬಿತ್ತೋ ಬ್ಯಾಸಾಯ. ಜೋಳ, ಸಜ್ಜೆ, ತೊಗರಿ, ಶೇಂಗಾ, ಹತ್ತಿ. ಮುಗಿಲು ನೋಡಿ ಯಾವ ವಾರ ಬಿತ್ತಬೇಕು, ಎರೆಯಲ್ಲಿ ಹಸಿ ಎಷ್ಟು ದಿನ ನಿಲ್ಲುತ್ತೆ, ಇದೆಲ್ಲಾ ಅವರಿಗೆ ಅಂಗೈ ಗೆರೆ ಇದ್ದಂಗೆ ಗೊತ್ತಿತ್ತು. ಆದ್ರೆ ಹೊಲದಲ್ಲಿ ನೀರು ನಿಲ್ಲಿಸಿ ಬೆಳೆ ತೆಗೆಯೋದು ಅವರಿಗೆ ಹೊಸದು.

ಅದೇ ಹೊತ್ತಿಗೆ ಆಂಧ್ರದ ಕಡೆಯಿಂದ ರೈತರು ಬಂದರು. ಅದಕ್ಕೂ ಮೊದಲು ತುಂಗಭದ್ರಾ ಕಾಲುವೆ ಗುಂಟ ಸಿಂಧನೂರು, ಗಂಗಾವತಿ ಕಡೆಗೆ ಬಂದಿದ್ದರಲ್ಲ, ಹಂಗೇ ಇಲ್ಲಿಗೂ ಬಂದರು. ಕಾಲುವೆ ದಾರಿ ಹಿಡಿದು ಹೋದ್ರೆ "ಕ್ಯಾಂಪ್" ಅನ್ನೋ ಹೆಸರಿನ ಸಣ್ಣ ಊರುಗಳು ಸಿಗ್ತವಲ್ಲ, ಅವೇ ಅವರ ನೆಲೆ. ಕೆಲವರು ಹೊಲ ಕೊಂಡರು, ಕೆಲವರು ಲೀಜಿಗೆ ಹಿಡಿದರು. ನಮ್ಮವರೇ ಎಷ್ಟೋ ಮಂದಿ ಹೊಲ ಲೀಜಿಗೆ ಕೊಟ್ಟು ಕಟ್ಟಡದ ಕೆಲಸಕ್ಕೆ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋದರು.

ಈಗ ಯೋಚನೆ ಮಾಡ್ರಿ. ಮಣ್ಣು ಅದೇ, ಕಾಲುವೆ ಅದೇ, ಬಿಸಿಲೂ ಅದೇ. ಒಬ್ಬ ಅಲ್ಲಿ ನೆಲ್ಲು ಬೆಳೆದು ಸಂಸಾರ ಕಟ್ಟಿದ. ಇನ್ನೊಬ್ಬ ಅದೇ ಹೊಲದ ಮಾಲೀಕನಾಗಿದ್ದೂ ಬೇರೆ ಊರಲ್ಲಿ ಇಟ್ಟಿಗೆ ಹೊತ್ತ. ವ್ಯತ್ಯಾಸ ಎಲ್ಲಿತ್ತು?

ಒಂದು ಭಾಗ ದುಡ್ಡು, ಅದನ್ನ ಮುಚ್ಚಿಡಬಾರದು. ಅಲ್ಲಿಂದ ಬಂದವರಲ್ಲಿ ಎಷ್ಟೋ ಜನ ತಮ್ಮ ಕಡೆಯ ತುಟ್ಟಿ ಹೊಲ ಮಾರಿ, ಅಷ್ಟೇ ದುಡ್ಡಲ್ಲಿ ಇಲ್ಲಿ ಹೆಚ್ಚು ಎಕರೆ ಹಿಡಿದರು. ಆದ್ರೆ ಎರಡನೇ ಭಾಗ ಅವರ ತಲೆಯಲ್ಲಿತ್ತು. ಸಸಿಮಡಿ ಯಾವಾಗ ಹಾಕಬೇಕು, ಹೊಲ ಹೆಂಗೆ ಮಟ್ಟ ಮಾಡಬೇಕು, ನಾಟಿ ಆದ ಎಷ್ಟನೇ ದಿನಕ್ಕೆ ಗೊಬ್ಬರ, ಯಾವ ರೋಗಕ್ಕೆ ಯಾವ ಔಷಧಿ, ಯಾವ ಮಿಲ್ಲಿಗೆ ಹಾಕಿದ್ರೆ ದರ ಸಿಗ್ತದೆ. ತಲೆತಲಾಂತರದಿಂದ ಕಾಲುವೆ ನೀರಲ್ಲಿ ಬ್ಯಾಸಾಯ ಮಾಡಿದವರ ಅನುಭವ ಲಾರಿಯಲ್ಲಿ ಸಾಮಾನಿನ ಜತೆ ಬರಲಿಲ್ಲ, ಮನುಷ್ಯರ ಜತೆ ಬಂತು. ಆಮೇಲೆ ಪಕ್ಕದ ಹೊಲದ ನಮ್ಮ ರೈತರು ನೋಡಿ ನೋಡಿ ಕಲಿತರು. ಇವತ್ತು ನಮ್ಮವರೇ ಎಷ್ಟೋ ಮಂದಿ ಚೆಂದಾಗಿ ನೆಲ್ಲು ಬೆಳೀತಾರೆ.

ಅರ್ಥಶಾಸ್ತ್ರದಲ್ಲಿ ಇದಕ್ಕೆ ಎರಡು ಹೆಸರು ಇವೆ. ತಲೆಯಲ್ಲಿ, ಕೈಯಲ್ಲಿ ಇರೋ ಕಸುಬುದಾರಿಕೆಗೆ ಮಾನವ ಬಂಡವಾಳ ಅಂತಾರೆ. ಒಬ್ಬರಿಂದ ಇನ್ನೊಬ್ಬರಿಗೆ ದಾಟಿಹೋಗೋ "ಹಿಂಗೆ ಮಾಡಿದ್ರೆ ಹಿಂಗಾಗ್ತದೆ" ಅನ್ನೋ ತಿಳಿವಳಿಕೆಗೆ ಜ್ಞಾನ ಅಂತಾರೆ. ಎರಡೂ ಒಂದೇ ಅಲ್ಲ. ಆ ವ್ಯತ್ಯಾಸಕ್ಕೆ ಆಮೇಲೆ ಬರ್ತೀನಿ.

ಲೆಕ್ಕಕ್ಕೆ ಸಿಗದ ಏಳು ಪಾಲು

1957ರಲ್ಲಿ ಅಮೆರಿಕದ ರಾಬರ್ಟ್ ಸೋಲೋ ಅನ್ನೋ ಅರ್ಥಶಾಸ್ತ್ರಜ್ಞ ಒಂದು ಲೆಕ್ಕ ಹಾಕಿದರು. 1909ರಿಂದ 1949ರವರೆಗೆ 40 ವರ್ಷದಲ್ಲಿ ಅಮೆರಿಕದಲ್ಲಿ ಒಬ್ಬ ಮನುಷ್ಯ ಒಂದು ತಾಸು ದುಡಿದ್ರೆ ಬರೋ ಉತ್ಪನ್ನ ಹೆಚ್ಚುಕಡಿಮೆ ದುಪ್ಪಟ್ಟಾಗಿತ್ತು. ಯಾಕೆ? ಆ ಕಾಲದವರ ಸಾಮಾನ್ಯ ಉತ್ತರ: ಮಷೀನು ಜಾಸ್ತಿ ಬಂದವು, ಕಾರ್ಖಾನೆ ಜಾಸ್ತಿ ಬಂದವು.

ಸೋಲೋ ಆ ಮಷೀನು, ಕಟ್ಟಡಗಳ ಪಾಲನ್ನ ಬೇರೆ ತೆಗೆದು ನೋಡಿದರು. ಸಿಕ್ಕಿದ್ದು ಎಂಟರಲ್ಲಿ ಒಂದು ಪಾಲು ಮಾತ್ರ. ಉಳಿದ ಏಳು ಪಾಲಿಗೆ ಅವರು ಕೊಟ್ಟ ಹೆಸರು ತಾಂತ್ರಿಕ ಬದಲಾವಣೆ. ಅದರೊಳಗೆ ಹೊಸ ವಿಧಾನವೂ ಸೇರಿತ್ತು, ಜನರ ಓದೂ ಸೇರಿತ್ತು, ಕೆಲಸವನ್ನ ಚೆಂದಾಗಿ ಜೋಡಿಸೋ ಜಾಣತನವೂ ಸೇರಿತ್ತು. ಈ ಕೆಲಸಕ್ಕೆ 1987ರಲ್ಲಿ ಅವರಿಗೆ ನೊಬೆಲ್ ಬಂತು. ಆದ್ರೆ ಸೋಲೋ ಲೆಕ್ಕದಲ್ಲಿ ಆ ಏಳು ಪಾಲು ಮುಗಿಲಿಂದ ಮಳೆ ಬಿದ್ದಂಗೆ ಹೊರಗಿಂದ ಬರ್ತಿತ್ತು. ಯಾರು ತಂದರು, ಹೆಂಗೆ ತಂದರು ಅನ್ನೋದು ಅದರಲ್ಲಿ ಇರಲಿಲ್ಲ.

ಆ ಪ್ರಶ್ನೆ ಹಿಡಿದವರಲ್ಲಿ ಮುಖ್ಯವಾದವರು ಥಿಯೋಡರ್ ಶುಲ್ಟ್ಜ್. ಎರಡನೇ ಮಹಾಯುದ್ಧದಲ್ಲಿ ಜರ್ಮನಿ, ಜಪಾನ್ ಎರಡೂ ನೆಲಸಮ ಆಗಿದ್ದವು. ಕಾರ್ಖಾನೆ ಹೋಗಿತ್ತು, ರೈಲು ಹಳಿ ಹೋಗಿತ್ತು. ಆದರೂ ಅವು ಜನ ಅಂದುಕೊಂಡಿದ್ದಕ್ಕಿಂತ ಬಹಳ ಬೇಗ ಎದ್ದು ನಿಂತವು. ಬಾಂಬಿಗೆ ಗೋಡೆ ಬಿದ್ದಿತ್ತು, ಬದುಕುಳಿದವರ ಕಸುಬು ಉಳಿದಿತ್ತು. ಮನುಷ್ಯರ ಮೇಲೆ, ಅಂದ್ರೆ ಓದು, ಆರೋಗ್ಯ, ತರಬೇತಿ ಮೇಲೆ ಹಾಕೋ ದುಡ್ಡು ಖರ್ಚಲ್ಲ, ಹೂಡಿಕೆ ಅಂತ ಶುಲ್ಟ್ಜ್ 1961ರಲ್ಲಿ ಬರೆದರು.

ಅವರ ಇನ್ನೊಂದು ಮಾತು ನನಗೆ ನಮ್ಮ ಹಿರಿಯರ ಬಗ್ಗೆ ಹೇಳಿದಂಗೇ ಕಾಣ್ತದೆ. ಬಡ ರೈತ ದಡ್ಡನಲ್ಲ, ಸೋಮಾರಿನೂ ಅಲ್ಲ. ಕೈಯಲ್ಲಿರೋ ಬೀಜ, ಎತ್ತು, ತಿಳಿವಳಿಕೆ ಇಷ್ಟರಲ್ಲೇ ಆದಷ್ಟು ಚೆಂದಾಗಿ ಲೆಕ್ಕ ಹಾಕಿ ಬದುಕ್ತಾನೆ. ಅವನ ಹತ್ತಿರ ಇಲ್ಲದ್ದು ಹೊಸ ತಿಳಿವಳಿಕೆ, ಮತ್ತೆ ಅದನ್ನ ಬಳಸೋಕೆ ಬೇಕಾದ ಕಲಿಕೆ. "ನಮ್ಮ ಕಡೆ ಮಂದಿ ಹಿಂಗೇ, ಇವ್ರು ಉದ್ಧಾರ ಆಗಲ್ಲ" ಅಂತ ಯಾರಾದ್ರೂ ಅಂದ್ರೆ ಶುಲ್ಟ್ಜ್ ಹೆಸರು ಹೇಳ್ರಿ. 1979ರಲ್ಲಿ ಅವರಿಗೂ ನೊಬೆಲ್ ಬಂದಿದೆ.

ಬ್ಯಾಲೆನ್ಸ್ ಶೀಟಿನಲ್ಲಿ ಇಲ್ಲದ ಆಸ್ತಿ

ನಾನು ಬಿ.ಕಾಂ ಓದಿದವನು. ಕಾಮರ್ಸ್ ಓದಿದವರಿಗೆ ಈ ವಿಷಯ ಒಂದು ಕಡೆ ಚುಚ್ಚಬೇಕು. ಅಂತಿಮ ಲೆಕ್ಕ ಬರೆಯೋವಾಗ ಕಟ್ಟಡ ಸ್ವತ್ತಿನ ಕಡೆ ಬರ್ತದೆ, ಮಷೀನು ಬರ್ತದೆ, ಮೇಜು ಕುರ್ಚಿನೂ ಬರ್ತವೆ. ಮನುಷ್ಯ ಮಾತ್ರ ಬರಲ್ಲ. ಅವನ ಪಗಾರ ಖರ್ಚು. ಅವನಿಗೆ ಕೊಟ್ಟ ತರಬೇತಿನೂ ಖರ್ಚು.

ಈಗ ಸವಕಳಿ ಲೆಕ್ಕ ತಗೊಳ್ರಿ. ಹತ್ತು ಲಕ್ಷದ ಮಷೀನು ವರ್ಷ ವರ್ಷ ಬಳಸಿದಂಗೆ ಸವೀತದೆ, ಕೊನೆಗೆ ಗುಜರಿಗೆ ಹೋಗ್ತದೆ. ಆದ್ರೆ ಒಬ್ಬ ಮೋಟಾರ್ ರಿವೈಂಡಿಂಗ್ ಮಾಡೋ ಹುಡುಗ ಬಳಸಿದಂಗೆ ಸವೆಯಲ್ಲ. ಮೊದಲನೇ ವರ್ಷ ಒಂದು ಪಂಪ್‌ಸೆಟ್‌ಗೆ ಒಂದು ದಿನ ತಗೊಂಡವನು ಐದನೇ ವರ್ಷಕ್ಕೆ ಸದ್ದು ಕೇಳಿಯೇ ಯಾವ ಕಡೆ ಸುಟ್ಟಿದೆ ಅಂತ ಹೇಳ್ತಾನೆ. ಬಳಸಿದಂಗೆ ಬೆಲೆ ಏರೋ ಆಸ್ತಿ ಅದು. ಬಳಸದೆ ಇಟ್ರೆ ಮಾತ್ರ ತುಕ್ಕು ಹಿಡೀತದೆ. ಡಿಗ್ರಿ ಮುಗಿಸಿ ನಾಲ್ಕು ವರ್ಷ ಬರೀ ಅರ್ಜಿ ಹಾಕ್ತಾ ಕೂತವರಿಗೆ ಈ ತುಕ್ಕು ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಇದನ್ನ ಲೆಕ್ಕದ ಪುಸ್ತಕಕ್ಕೆ ತರೋ ಪ್ರಯತ್ನ ನಮ್ಮ ರಾಜ್ಯದಲ್ಲೇ ಆಗಿದೆ. ಇನ್ಫೋಸಿಸ್ ಕೆಲವು ವರ್ಷ ತನ್ನ ವಾರ್ಷಿಕ ವರದಿಯಲ್ಲಿ ಉದ್ಯೋಗಿಗಳ ಮೌಲ್ಯ ಇಷ್ಟು ಅಂತ ಪ್ರತ್ಯೇಕ ಪಟ್ಟಿ ಹಾಕ್ತಿತ್ತು. ಲೆವ್ ಮತ್ತು ಶ್ವಾರ್ಟ್ಜ್ ಅನ್ನೋ ಇಬ್ಬರ ಸೂತ್ರ ಅದು: ಒಬ್ಬ ಉದ್ಯೋಗಿ ನಿವೃತ್ತಿವರೆಗೆ ಗಳಿಸಬಹುದಾದ್ದನ್ನ ಇವತ್ತಿನ ಬೆಲೆಗೆ ಇಳಿಸಿ ಕೂಡಿಸೋದು. ಸಂಜೆಯಾದ್ರೆ ಗೇಟು ದಾಟಿ ಮನೆಗೆ ಹೋಗೋ ಆಸ್ತಿಯೇ ತನ್ನ ದೊಡ್ಡ ಆಸ್ತಿ ಅಂತ ಆ ಕಂಪನಿಗೆ ಗೊತ್ತಿತ್ತು.

ಜೋಳದ ಚೀಲ ಬೇರೆ, ವಿಧಾನ ಬೇರೆ

ಈಗ ಜ್ಞಾನ ಮತ್ತೆ ಮಾನವ ಬಂಡವಾಳದ ವ್ಯತ್ಯಾಸ. ನನ್ನ ಹತ್ತಿರ ಒಂದು ಚೀಲ ಜೋಳ ಇದೆ ಅಂತಿಟ್ಕೊಳ್ರಿ. ನಿಮಗೆ ಕೊಟ್ರೆ ನನ್ನ ಹತ್ತಿರ ಇರಲ್ಲ. ಜೋಳ ಬೆಳೆಯೋ ಹೊಸ ವಿಧಾನ ನಿಮಗೆ ಹೇಳಿಕೊಟ್ರೆ? ಅದು ನನ್ನ ಹತ್ತಿರಾನೂ ಇರ್ತದೆ, ನಿಮ್ಮ ಹತ್ತಿರಾನೂ ಇರ್ತದೆ. ಈ ಸಂಚಿಕೆನೂ ಹಂಗೇ. ಹತ್ತು ಮಂದಿ ಕೇಳಿದರೂ, ಹತ್ತು ಸಾವಿರ ಮಂದಿ ಕೇಳಿದರೂ ನಾನು ಒಂದೇ ಸಲ ಮಾತಾಡೋದು.

ಹಂಚಿದ್ರೆ ಕಡಿಮೆ ಆಗದ ಈ ಗುಣವನ್ನ ಬೆಳವಣಿಗೆಯ ಲೆಕ್ಕದ ನಡುಮಧ್ಯಕ್ಕೆ ತಂದವರು ಪಾಲ್ ರೋಮರ್. 1990ರಲ್ಲಿ ಬರೆದ ಲೇಖನ ಅದು, 2018ರಲ್ಲಿ ನೊಬೆಲ್ ಬಂತು. ಹೊಸ ವಿಚಾರ ಮುಗಿಲಿಂದ ಬೀಳಲ್ಲ, ಅದನ್ನ ಹುಡುಕೋಕೆ ಜನ, ಸಮಯ, ದುಡ್ಡು ಹಾಕಿದ್ರೆ ಬರ್ತದೆ, ಒಂದು ಸಲ ಬಂದ ಮೇಲೆ ಎಲ್ಲರೂ ಬಳಸಬಹುದು ಅನ್ನೋದು ಅವರ ಮಾತಿನ ಸಾರ.

ನಮ್ಮ ಹತ್ತಿ ಹೊಲದಿಂದಲೇ ಉದಾಹರಣೆ ಕೊಡ್ತೀನಿ. 1972ರಲ್ಲಿ ಧಾರವಾಡದಲ್ಲಿ ಕೃಷಿ ವಿಜ್ಞಾನಿ ಬಿ.ಎಚ್. ಕಟರಕಿ ಅವರು "ವರಲಕ್ಷ್ಮಿ" ಅನ್ನೋ ಹೈಬ್ರಿಡ್ ಹತ್ತಿ ತಂದರು. ಎರಡು ಜಾತಿಯ ಹತ್ತಿ ಸೇರಿಸಿ ಮಾಡಿದ ತಳಿ. ಯಾವುದಕ್ಕೆ ಯಾವುದನ್ನ ಸೇರಿಸಬೇಕು ಅನ್ನೋದು ಜ್ಞಾನ. ಒಂದು ಸಲ ಗೊತ್ತಾದ ಮೇಲೆ ಎಷ್ಟು ಎಕರೆಗಾದ್ರೂ ಅದೇ ಸೂತ್ರ. ಆದ್ರೆ ಬೀಜ ತಯಾರು ಮಾಡೋಕೆ ಹತ್ತಿ ಮೊಗ್ಗಿನ ಗಂಡುಭಾಗ ಕೈಯಿಂದ ಬಿಡಿಸಿ, ಮರುದಿನ ಇನ್ನೊಂದು ಗಿಡದ ಪರಾಗ ಹಚ್ಚಬೇಕು. ಹೂವಿಂದ ಹೂವಿಗೆ, ಸಾಲಿಂದ ಸಾಲಿಗೆ. ಆ ಕೈಗಳು ಬಹುತೇಕ ಹೆಣ್ಣುಮಕ್ಕಳವು. ಅದು ಮಾನವ ಬಂಡವಾಳ. ಒಬ್ಬಾಕೆ ಕಲಿತಿದ್ದು ಇನ್ನೊಬ್ಬಾಕೆಗೆ ತಾನಾಗೇ ಬರಲ್ಲ, ಆಕೆಗೂ ಹೊಸದಾಗಿ ಕಲಿಸಬೇಕು.

ಅಂದ್ರೆ ಸೂತ್ರ ಪುಕ್ಕಟೆ ಹರಡುತ್ತೆ, ಅದನ್ನ ಹಿಡಿಯೋ ಕೈ ಮತ್ತೆ ತಲೆ ಮಾತ್ರ ಒಂದೊಂದಾಗಿ ತಯಾರಾಗಬೇಕು. ಇವತ್ತು ಯೂಟ್ಯೂಬಿನಲ್ಲಿ ಎಲ್ಲಾ ಇದೆಯಲ್ಲ, ಆದರೂ ಎಲ್ಲರೂ ಯಾಕೆ ಮುಂದೆ ಬಂದಿಲ್ಲ ಅಂತ ಕೇಳೋರಿಗೆ ಇದೇ ಉತ್ತರ. ಅರ್ಥಶಾಸ್ತ್ರಜ್ಞರಾದ ಆಂಡ್ರ್ಯೂ ಫಾಸ್ಟರ್ ಮತ್ತು ಮಾರ್ಕ್ ರೋಸೆನ್‌ಜ್ವೈಗ್ ಭಾರತದ ಹಸಿರು ಕ್ರಾಂತಿ ಕಾಲದ ಹಳ್ಳಿಗಳ ಲೆಕ್ಕ ತೆಗೆದು 1996ರಲ್ಲಿ ಬರೆದರು. ಹೊಸ ತಳಿಯ ಬೀಜಕ್ಕೆ ಹೊಂದೋ ಪ್ರದೇಶಗಳಲ್ಲಿ ಪ್ರಾಥಮಿಕ ಶಾಲೆ ಓದಿದ ರೈತರಿಗೆ ಓದಿನಿಂದ ಬರೋ ಲಾಭ ಏರಿತ್ತು. ಹೊಸದು ಏನೂ ಬರದ ಕಡೆ ಓದಿಗೆ ಅಷ್ಟು ಬೆಲೆ ಕಾಣಲಿಲ್ಲ. ಅಪ್ಪನ ಹಂಗೇ ಬಿತ್ತೋದಾದ್ರೆ ಅಕ್ಷರ ಯಾಕೆ? ಹೊಸ ಬೀಜದ ಪಾಕೀಟಿನ ಮೇಲಿರೋದು ಓದಬೇಕಂದ್ರೆ ಅಕ್ಷರ ಬೇಕು.

ಅರ್ಧ ಕಲಿಕೆ ಏನು ಮಾಡ್ತದೆ ಅಂತಾನೂ ನಮ್ಮ ಕಾಲುವೆನೇ ತೋರಿಸಿದೆ. ಕೃಷ್ಣಾ ಮೇಲ್ದಂಡೆ ಯೋಜನೆ ರೂಪಿಸಿದ್ದು ಮುಖ್ಯವಾಗಿ ಕಡಿಮೆ ನೀರಿನ ಬೆಳೆಗಳಿಗೆ. ಕಾಲುವೆ ತಲೆಯಲ್ಲಿದ್ದವರು ನೆಲ್ಲು ಹಚ್ಚಿದಂಗೆ ಬಾಲದಲ್ಲಿದ್ದವರಿಗೆ ನೀರು ಮುಟ್ಟೋದು ಕಷ್ಟ ಆಯ್ತು. ಎರೆಭೂಮಿಯಲ್ಲಿ ನೀರು ನಿಂತು ಕೆಲವು ಹೊಲ ಸವಳು-ಜವಳಾದವು. ಬೆಳೆ ತೆಗೆಯೋದು ಕಲಿತೆವು, ನೀರು ಬಸಿಯೋದು ಕಲಿಯೋದು ತಡ ಮಾಡಿದೆವು. 2023ರ ಜನವರಿಯಲ್ಲಿ ಕೊಡೇಕಲ್‌ನಲ್ಲಿ ಉದ್ಘಾಟನೆಯಾದ ಎಡದಂಡೆ ಕಾಲುವೆ ಆಧುನೀಕರಣಕ್ಕೆ ಸುಮಾರು 4,700 ಕೋಟಿ ರೂಪಾಯಿ ಖರ್ಚಾಗಿದೆ. ಗೇಟುಗಳನ್ನ ಕಂಪ್ಯೂಟರ್ ಮೂಲಕ ನಡೆಸೋ ವ್ಯವಸ್ಥೆ ಅದರಲ್ಲಿದೆ. ಗೇಟಿಗೆ ಬುದ್ಧಿ ಬಂತು. ಹೊಲದ ಬದುವಿನ ಮೇಲೆ ನಿಂತವರಿಗೂ ಅಷ್ಟೇ ತಿಳಿವಳಿಕೆ ಬರಬೇಕು, ಇಲ್ಲಾಂದ್ರೆ ಆ ಕೋಟಿಗಳ ಅರ್ಧ ಲಾಭ ಮಣ್ಣಲ್ಲೇ ನಿಂತು ಹೋಗ್ತದೆ.

ಬೆಂಗಳೂರು ಒಂದೇ ದಿನಕ್ಕೆ ಆಗಿಲ್ಲ

"ಬೆಂಗಳೂರಿಗೆ ಐಟಿ ಬಂತು, ಬೆಳೀತು" ಅಂತ ಹೇಳೋದು ಸುಲಭ. ಆದ್ರೆ ಇಸವಿಗಳನ್ನ ಸಾಲಾಗಿ ಇಟ್ಟು ನೋಡ್ರಿ. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ. 1917ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಬೆಂಗಳೂರಲ್ಲಿ ಎಂಜಿನಿಯರಿಂಗ್ ಕಾಲೇಜು. 1940ರಲ್ಲಿ ಎಚ್‌ಎಎಲ್, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಆ ಊರಲ್ಲಿ ಎಂಜಿನಿಯರುಗಳ ಮೂರು ತಲೆಮಾರು ಆಗಿಹೋಗಿತ್ತು. ಕಂಪನಿಗಳು ಅಲ್ಲಿನ ತಂಪು ಹವಾ ನೋಡಿ ಮಾತ್ರ ಬರಲಿಲ್ಲ, ಕಲಿತ ತಲೆಗಳ ಗುಂಪು ನೋಡಿ ಬಂದವು.

ನಮ್ಮ ಕಡೆ ಇಸವಿಗಳು ಬೇರೆ. 1840ರ ದಶಕದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ನಿಮಗೆಲ್ಲಾ ಗೊತ್ತು, ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡದವರು ಸುರಪುರದಲ್ಲಿ ಯಾರೂ ಇಲ್ಲ. ಹದಿಹರೆಯದಲ್ಲಿ ಭಾರತಕ್ಕೆ ಬಂದ ಆತ ಭಾಷೆ, ಸರ್ವೇ, ಕಾನೂನು, ಎಂಜಿನಿಯರಿಂಗ್ ಎಲ್ಲಾ ಬಹುಪಾಲು ಸ್ವಂತವಾಗಿ ಕಲಿತವನು. ಆದ್ರೆ ಒಬ್ಬನ ತಲೆಯಲ್ಲಿರೋದು ಅವನ ಜತೆಗೇ ಊರು ಬಿಟ್ಟು ಹೋಗ್ತದೆ. ಉಳಿಯಬೇಕಂದ್ರೆ ಶಾಲೆ ಬೇಕು, ಕಾಲೇಜು ಬೇಕು. 1857–58ರ ಹೋರಾಟದ ನಂತರ ಸಂಸ್ಥಾನ ನಿಜಾಮರ ಕೈಗೆ ಹೋಯ್ತು. ಹೈದರಾಬಾದ್ ರಾಜ್ಯದಲ್ಲಿ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾದಾಗ ಕಲಿಸೋ ಭಾಷೆ ಉರ್ದು. ಮನೆಯಲ್ಲಿ ಕನ್ನಡ ಮಾತಾಡೋ ಹೊಲಗೇರಿ ಹುಡುಗನಿಗೂ, ಗೌಡರ ಮನೆ ಹುಡುಗನಿಗೂ ಮೇಲಿನ ಓದು ಪರಭಾಷೆಯಲ್ಲಿತ್ತು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗೀತು, 1956ರಲ್ಲಿ ನಾವು ಕರ್ನಾಟಕ ಸೇರಿದೆವು. ನಮ್ಮ ಭಾಗಕ್ಕೆ ಸ್ವಂತ ವಿಶ್ವವಿದ್ಯಾಲಯ ಗುಲ್ಬರ್ಗದಲ್ಲಿ ಬಂದಿದ್ದು 1980ರಲ್ಲಿ. ಮೈಸೂರಿಗೂ ನಮಗೂ 64 ವರ್ಷದ ಅಂತರ.

2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಾಗ ರಾಜ್ಯದ ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 21 ನಮ್ಮ ಗುಲ್ಬರ್ಗ ವಿಭಾಗದಲ್ಲಿದ್ದವು. ಆಮೇಲೆ 2009ರ ಕೊನೆಯಲ್ಲಿ ಯಾದಗಿರಿ ಜಿಲ್ಲೆ ಆಯ್ತು. ಸಂವಿಧಾನದ 98ನೇ ತಿದ್ದುಪಡಿ ಮೂಲಕ 371(ಜೆ) ಬಂತು, ನಮ್ಮ ಭಾಗದ ಕಾಲೇಜು ಸೀಟಿನಲ್ಲಿ, ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಸಿಕ್ತು. ಬಾಗಿಲು ತೆರೀತು ಅಂತಿಟ್ಕೊಳ್ಳೋಣ. ಆ ಬಾಗಿಲವರೆಗೆ ನಡೆದು ಬರೋ ಮಕ್ಕಳು ಎಷ್ಟು ಮಂದಿ?

ಪಾಸಾಗೋದು, ಕಲಿಯೋದು

2011ರ ಜನಗಣತಿ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇ 75.36. ಯಾದಗಿರಿಯದು ಶೇ 51.83, ರಾಜ್ಯದಲ್ಲೇ ಕೊನೇದು. ಹೆಣ್ಣುಮಕ್ಕಳದು ಶೇ 41ರ ಆಸುಪಾಸು. ಅಂದ್ರೆ ಆ ವರ್ಷ ಜಿಲ್ಲೆಯ ಹತ್ತು ಹೆಣ್ಣುಮಕ್ಕಳಲ್ಲಿ ಸುಮಾರು ಆರು ಮಂದಿಗೆ ಬಸ್ಸಿನ ಬೋರ್ಡು ಓದೋಕೆ ಬರ್ತಿರಲಿಲ್ಲ.

ಇನ್ನೊಂದು ಲೆಕ್ಕ ಇದಕ್ಕಿಂತ ಹತ್ತಿರದ್ದು. 2023ರ ಎಸ್ಸೆಸ್ಸೆಲ್ಸಿಯಲ್ಲಿ ಯಾದಗಿರಿ ಜಿಲ್ಲೆ ಶೇ 75.49 ಪಡೆದು ಕೊನೇ ಸ್ಥಾನದಲ್ಲಿತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದರು. ಫಲಿತಾಂಶ ಶೇ 50.59ಕ್ಕೆ ಇಳೀತು. ಅದೂ ಹೆಚ್ಚುವರಿ ಕೃಪಾಂಕ ಕೊಟ್ಟ ಮೇಲೆ. ಅದೇ ವರ್ಷ ಉಡುಪಿ ಶೇ 94 ಪಡೆದು ಮೊದಲನೇ ಸ್ಥಾನದಲ್ಲಿತ್ತು.

ಒಂದೇ ವರ್ಷದಲ್ಲಿ ನಮ್ಮ ಮಕ್ಕಳು ದಡ್ಡರಾದರಾ? ಇಲ್ಲ. ತಕ್ಕಡಿ ಬಿಗಿಯಾಯ್ತು, ನಿಜವಾದ ತೂಕ ಕಾಣಿಸ್ತು. ಅದರ ತಪ್ಪು 15 ವರ್ಷದ ಮಗುವಿನ ತಲೆ ಮೇಲೆ ಹಾಕೋದು ಅನ್ಯಾಯ. ಗಣಿತದ ಮೇಷ್ಟ್ರ ಹುದ್ದೆ ಖಾಲಿ ಇರೋ ಶಾಲೆ, ಅಪ್ಪ ಅವ್ವ ಗುಳೆ ಹೋದಾಗ ಅರ್ಧ ವರ್ಷ ಶಾಲೆ ಬಿಡೋ ಮಗು, ಏಳನೇ ಕ್ಲಾಸಿನ ಮೇಲೆ ಹೈಸ್ಕೂಲು ಬೇರೆ ಊರಲ್ಲಿದೆ ಅಂತ ಮನೆಯಲ್ಲೇ ಉಳಿಯೋ ಹುಡುಗಿ, ಆಮೇಲೆ ಆಕೆಗೆ ಬೇಗನೆ ಮದುವೆ. ಇವೆಲ್ಲಾ ಸೇರಿ ಆ ಶೇ 50.59.

ಎರಿಕ್ ಹನುಷೆಕ್ ಮತ್ತು ಲುಡ್ಗರ್ ವೋಸ್‌ಮನ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಹಲವು ದೇಶಗಳ ಲೆಕ್ಕ ತೆಗೆದು ಹೇಳಿದ್ದು ಇದನ್ನೇ: ದೇಶದ ಬೆಳವಣಿಗೆಗೂ ಮಕ್ಕಳು ಶಾಲೆಯಲ್ಲಿ ಎಷ್ಟು ವರ್ಷ ಕೂತರು ಅನ್ನೋದಕ್ಕೂ ಇರೋ ನಂಟಿಗಿಂತ, ಅವರು ಎಷ್ಟು ಕಲಿತರು ಅನ್ನೋದಕ್ಕೆ ಇರೋ ನಂಟು ಬಹಳ ಗಟ್ಟಿ. ಮಾರ್ಕ್ಸ್ ಕಾರ್ಡು ಬಂಡವಾಳ ಅಲ್ಲ, ಬಂಡವಾಳದ ರಸೀದಿ. ರಸೀದಿ ಇದ್ದು ಗೋದಾಮಿನಲ್ಲಿ ಮಾಲು ಇಲ್ಲಾಂದ್ರೆ ಮೊದಲನೇ ಇಂಟರ್‌ವ್ಯೂನಲ್ಲೇ ಗೊತ್ತಾಗ್ತದೆ.

ಮತ್ತೆ ಆ ವಾಯ್ಸ್ ಮೆಸೇಜ್‌ಗೆ ಉತ್ತರ

"ಓದಿದವ್ರೂ ಡೆಲಿವರಿ ಮಾಡ್ತಾರ" ಅನ್ನೋದು ಸುಳ್ಳಲ್ಲ. ಅದಕ್ಕೆ ಎರಡು ಕಾರಣ ಇವೆ.

ಒಂದು ಈಗಷ್ಟೇ ಹೇಳಿದ್ದು, ರಸೀದಿ ಮತ್ತೆ ಮಾಲಿನ ವ್ಯತ್ಯಾಸ. ನಾನು ಬಿ.ಕಾಂನಲ್ಲಿ ಟ್ಯಾಲಿ ಬಗ್ಗೆ ಬರೆದು ಮಾರ್ಕ್ಸ್ ತಗೊಂಡವನು. ಒಂದು ಅಂಗಡಿಯ ನಿಜವಾದ ಬಿಲ್ಲುಗಳನ್ನ ಟ್ಯಾಲಿಗೆ ಏರಿಸಿ ಜಿಎಸ್‌ಟಿ ರಿಟರ್ನ್ ಹಾಕೋದು ಕಲಿತದ್ದು ಡಿಗ್ರಿ ಮುಗಿದ ಮೇಲೆ, ಲೆಕ್ಕ ಬರೆಯೋರ ಪಕ್ಕದ ಕುರ್ಚಿಯಲ್ಲಿ ಕೂತು. ನನಗೆ ಮೊದಲ ಪಗಾರ ತಂದಿದ್ದು ಆ ಕುರ್ಚಿ.

ಎರಡನೇದು ಇನ್ನೂ ದೊಡ್ಡದು. ರಾಬರ್ಟ್ ಲುಕಾಸ್ 1988ರಲ್ಲಿ ಒಂದು ಮಾತು ಬರೆದರು. ಕಲಿತವನ ಬೆಲೆ ಅವನೊಬ್ಬನಿಂದ ಆಗಲ್ಲ, ಅವನ ಸುತ್ತ ಎಷ್ಟು ಮಂದಿ ಕಲಿತಿದ್ದಾರೆ ಅನ್ನೋದರ ಮೇಲೂ ಆಗ್ತದೆ. ಒಳ್ಳೆ ಡಾಕ್ಟರಿಗೆ ಒಳ್ಳೆ ನರ್ಸ್ ಬೇಕು, ಲ್ಯಾಬ್ ಟೆಕ್ನಿಷಿಯನ್ ಬೇಕು, ಮಷೀನು ರಿಪೇರಿ ಮಾಡೋನು ಬೇಕು. ಅದಕ್ಕೇ ನಮ್ಮ ಜಾಣ ಹುಡುಗರು, ಹುಡುಗಿಯರು ಬೆಂಗಳೂರು, ಹೈದರಾಬಾದಿಗೆ ಹೋಗ್ತಾರೆ. ಹೋದಷ್ಟೂ ಅಲ್ಲಿ ಬೆಲೆ ಏರ್ತದೆ, ಇಲ್ಲಿ ಉಳಿದವರಿಗೆ ಜೊತೆ ಸಿಗಲ್ಲ. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಿಂದಲೇ ಬರ್ತದೆ ಅನ್ನೋದರ ಹಿಂದೆ ಈ ಸುಳಿನೂ ಇದೆ. ಹೋದವರನ್ನ ಬೈದು ಪ್ರಯೋಜನ ಇಲ್ಲ. ಇಲ್ಲೂ ಒಂದು ಗುಂಪು ಕಟ್ಟಬೇಕು. ಅದಕ್ಕೆ ಕಲಿಕೆ ಮತ್ತೆ ಕೆಲಸ ಎರಡೂ ಜತೆಗೆ ಬರಬೇಕು. ಹತ್ತಿ ಬೆಳೆಯೋ ಜಿಲ್ಲೆಯಲ್ಲಿ ಹತ್ತಿಯ ಗುಣ ಅಳೆಯೋರು, ನೆಲ್ಲು ಬೆಳೆಯೋ ಕಡೆ ಮಿಲ್ಲಿನ ಮಷೀನು ನಡೆಸೋರು, ಸವಳು ಹೊಲಕ್ಕೆ ಬಸಿಗಾಲುವೆ ಹಾಕೋಕೆ ಬರೋರು, ತಾಲೂಕು ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡೋರು. ಇವರೆಲ್ಲಾ ಇಲ್ಲೇ ಓದಿ ಇಲ್ಲೇ ದುಡಿಯೋ ಹಂಗಾದ್ರೆ ಆ ಸುಳಿ ನಮ್ಮ ಕಡೆಗೂ ತಿರುಗ್ತದೆ.

ಹಂಗಂತ ಅಲ್ಲಿವರೆಗೂ ಓದು ದಂಡ ಅಂತೀರಾ? ಜಗತ್ತಿನ ಹಲವು ದೇಶಗಳ ಸರಾಸರಿ ಲೆಕ್ಕದಲ್ಲಿ ಒಂದು ವರ್ಷದ ಹೆಚ್ಚಿನ ಓದು ದುಡಿಮೆಯನ್ನ ಸುಮಾರು ಶೇ 9ರಷ್ಟು ಏರಿಸ್ತದೆ. ಸರಾಸರಿ ಮಾತ್ರ ಅದು, ಗ್ಯಾರಂಟಿ ಕಾರ್ಡಲ್ಲ. ಆದ್ರೆ ಸರಾಸರಿ ನಿಮ್ಮ ಕಡೆಗಿದೆ.

ಈ ವಾರ ಮಾಡಬಹುದಾದ್ದು

ದೊಡ್ಡ ದೊಡ್ಡ ಮಾತು ಹೇಳಿ ಕೈತೊಳ್ಕೊಳ್ಳೋದು ಬೇಡ. ಮೂರು ಕೆಲಸ ಹೇಳ್ತೀನಿ.

ಒಂದು, ಮನೆಯಲ್ಲಿ ಐದನೇ, ಆರನೇ ಕ್ಲಾಸಿನ ತಮ್ಮ ತಂಗಿ ಇದ್ರೆ ಮಾರ್ಕ್ಸ್ ಕೇಳಬ್ಯಾಡ್ರಿ. ಮೂರನೇ ಕ್ಲಾಸಿನ ಕನ್ನಡ ಪುಸ್ತಕ ಕೊಟ್ಟು ಒಂದು ಪುಟ ಓದಿಸಿ ನೋಡ್ರಿ. ತಡವರಿಸಿದ್ರೆ ದಿನಾ ಅರ್ಧ ತಾಸು ಜತೆಗೆ ಕೂಡ್ರಿ. ರೀಲ್ಸ್ ನೋಡೋ ಟೈಮಲ್ಲಿ ಅರ್ಧ ತಾಸು ಸಿಕ್ಕೇ ಸಿಗ್ತದೆ. ಓದೋಕೆ ಬರದ ಮಗುವಿಗೆ ಆಮೇಲಿನ ವಿಜ್ಞಾನ, ಸಮಾಜ ಯಾವುದೂ ಹತ್ತಲ್ಲ.

ಎರಡು, ನಿಮ್ಮೂರ ಶಾಲೆಯ ಎಸ್‌ಡಿಎಂಸಿ ಸಭೆ ಯಾವಾಗ ಅಂತ ಕೇಳ್ರಿ. ಬಣ್ಣ, ಗೇಟು, ಕಾಂಪೌಂಡ್ ಬಗ್ಗೆ ಎಲ್ಲರೂ ಕೇಳ್ತಾರೆ. ನೀವು ಎರಡೇ ಪ್ರಶ್ನೆ ಕೇಳ್ರಿ: ಯಾವ ವಿಷಯದ ಮೇಷ್ಟ್ರು ಇಲ್ಲ? ಹೋದ ವರ್ಷ ಏಳನೇತ್ತ ಮುಗಿಸಿದ ಹುಡುಗಿಯರಲ್ಲಿ ಎಂಟಕ್ಕೆ ಸೇರದೋರು ಯಾರು? ಹೆಸರು ಸಿಕ್ರೆ ಅವರ ಮನೆಗೆ ಹೋಗೋಕೆ ಬರ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಬಸ್ ಚಾರ್ಜಿನ ನೆಪ ಈಗ ಇಲ್ಲ. ಬಸ್ಸೇ ಬರಲ್ಲ ಅನ್ನೋದು ನಿಜವಾದ ತೊಂದರೆ ಆಗಿದ್ರೆ ಅದನ್ನ ಡಿಪೋಗೆ ಬರೆದು ಕೊಡೋಣ, ಊರ ಮಂದಿ ಸಹಿ ಹಾಕಿಸಿ.

ಮೂರು, ಹೊಲ ಇರೋರು. ಸುರಪುರ ತಾಲೂಕಿನ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಶಹಾಪುರದ ಹತ್ತಿರ ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜಿದೆ. ಅಪ್ಪನ್ನ ಬೈಕಿನ ಹಿಂದೆ ಕೂಡಿಸ್ಕೊಂಡು ಒಂದು ಸಲ ಹೋಗಿ ಬರ್ರಿ, ಹೊಲದ ಒಂದು ಹಿಡಿ ಮಣ್ಣೂ ತಗೊಂಡು ಹೋಗ್ರಿ. ಎರೆಮಣ್ಣಿನ ಬಗ್ಗೆ ಅಪ್ಪನಿಗೆ ಗೊತ್ತಿರೋದು ಅಲ್ಲಿನವರಿಗೆ ಬೇಕು, ಅವರಿಗೆ ಗೊತ್ತಿರೋದು ಅಪ್ಪನಿಗೆ ಬೇಕು. ನಡುವೆ ಎರಡೂ ಭಾಷೆ ಗೊತ್ತಿರೋ ನೀವು ನಿಂತ್ರೆ ಸಾಕು, ಮಾತು ಶುರುವಾಗ್ತದೆ.

ಏಳನೇತ್ತ ಮುಗಿಸಿ ನಿಂತ ಹುಡುಗಿಯರ ಲೆಕ್ಕ ನಿಮ್ಮೂರಲ್ಲಿ ಎಷ್ಟು ಬಂತು ಅಂತ ನನಗೆ ವಾಯ್ಸ್ ಮೆಸೇಜ್ ಕಳಿಸ್ರಿ, ಹೆಸರು ಬ್ಯಾಡ, ಬರೀ ಸಂಖ್ಯೆ ಮತ್ತೆ ಊರು. ಬಂದಷ್ಟನ್ನ ಕೂಡಿಸಿ ಮುಂದಿನ ಸಂಚಿಕೆಯಲ್ಲಿ ಹೇಳ್ತೀನಿ. ಅಲ್ಲಿವರೆಗೂ ಶರಣು.